ಸಾಲದ ಉದ್ದೇಶ: ಬಣ್ಣದ ಡಬ್ಬಿ



ನಮ್ಮ ಸಂಘದ ಸಾಲದ ಪುಸ್ತಕದಲ್ಲಿ 'ಉದ್ದೇಶ' ಅಂತ ಒಂದು ಕಾಲಂ ಇದೆ. ನಿಮ್ಮ ಸಂಘದ ಪುಸ್ತಕದಲ್ಲೂ ಇರುತ್ತದೆ. ಹಸು ಕೊಳ್ಳಲು, ಹೊಲಿಗೆ ಮಿಷನ್, ಮಗನ ಫೀಸು, ಆಸ್ಪತ್ರೆ ಖರ್ಚು, ಮದುವೆ ಖರ್ಚು ಅಂತ ಬರೆಯುತ್ತೇವೆ. 2016ರಲ್ಲಿ ಒಂದು ಗುರುವಾರದ ಸಭೆಯಲ್ಲಿ ಆ ಕಾಲಂಗೆ ನನ್ನ ಹೆಸರಿನ ಮುಂದೆ 'ಬಣ್ಣ, ಬ್ರಷ್, ಡ್ರಾಯಿಂಗ್ ಹಾಳೆ' ಎಂದು ಬರೆಯಿರಿ ಅಂದೆ. ಕೇಳಿದ್ದು 3,000 ರೂಪಾಯಿ. ಆಗ ನನಗೆ 54 ವರ್ಷ.

ಪುಸ್ತಕ ಬರೆಯುತ್ತಿದ್ದ ತಂಗಿ ತಲೆ ಎತ್ತಿ, "ಯಾರಿಗಕ್ಕಾ, ಮೊಮ್ಮಗನಿಗಾ?" ಎಂದು ಕೇಳಿದಳು.

"ಇಲ್ಲಮ್ಮ, ನನಗೇ."

ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ, ನಮ್ಮ ಸಂಘದ ಹೆಂಗಸರು ಒಳ್ಳೆಯವರೇ. ನಾನೂ ಅವರ ಜೊತೆ ಸ್ವಲ್ಪ ನಕ್ಕೆ. ಆದರೆ ಅದೇ ಸಭೆಯಲ್ಲಿ, ನನಗಿಂತ ಮೊದಲು, ಇನ್ನೊಬ್ಬ ಸದಸ್ಯೆಗೆ 'ಮದುವೆ ಖರ್ಚು' ಎಂದು ಬರೆದು 40,000 ರೂಪಾಯಿ ಮಂಜೂರು ಮಾಡಿದ್ದೆವು. ಐದು ನಿಮಿಷವೂ ಹಿಡಿಯಲಿಲ್ಲ. ಆ ಹಣ ಗಂಡಿನ ಕಡೆಯವರು ಕೇಳಿದ್ದ ಮೋಟರ್ ಬೈಕಿಗೆ ಹೋಗುತ್ತದೆಂದು ಅಲ್ಲಿ ಕೂತಿದ್ದ ಹದಿನೈದು ಜನರಿಗೂ ಗೊತ್ತಿತ್ತು. ಯಾರಿಗೂ ನಗು ಬರಲಿಲ್ಲ. ನನ್ನ ಬಣ್ಣದ ಸಾಲ ಮಾತ್ರ ಮೂರು ವಾರ ಮುಂದಕ್ಕೆ ಹೋಗಿ, ಕೊನೆಗೆ ಅರ್ಧ ಕೊಟ್ಟರು, 1,500.

ಆ ಎರಡು ಸಾಲಗಳ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಈಗ ಬರೆಯಲು ಒಂದು ಕಾರಣವೂ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾನು ಈಗ ಚಿತ್ರ ಬರೆಯುತ್ತೇನೆ. ಹಾಳೆಯ ಮೇಲೆ, ಬಟ್ಟೆಯ ಮೇಲೆ, ಒಮ್ಮೊಮ್ಮೆ ಅಂಗನವಾಡಿ ಗೋಡೆಯ ಮೇಲೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಪತ್ರಿಕೆಯಿಂದ ಬಂದು ನನ್ನ ಫೋಟೋ ತೆಗೆದುಕೊಂಡು ಹೋದ. 'ಇಳಿವಯಸ್ಸಿನಲ್ಲಿ ಅರಳಿದ ಪ್ರತಿಭೆ' ಎಂದು ಬರೆದ. ಪ್ರೀತಿಯಿಂದ ಬರೆದಿದ್ದ, ಪಾಪ. ಓದಿದ ಎಲ್ಲರೂ "ಈ ವಯಸ್ಸಿನಲ್ಲೂ!" ಎಂದರು. ನನಗೇಕೋ ಅದು ಚುಚ್ಚಿತು. ನನ್ನ ಕೈಗೆ ಚಿತ್ರ ಬಂದದ್ದು ಇಳಿವಯಸ್ಸಿನಲ್ಲಿ ಅಲ್ಲವೇ ಅಲ್ಲ. ಏಳೆಂಟು ವರ್ಷದವಳಿದ್ದಾಗಲೇ ಬಂದಿತ್ತು. ಅಷ್ಟು ವರ್ಷ ಅದು ಎಲ್ಲಿತ್ತು, ಯಾರು ಅದನ್ನು ಅದುಮಿಟ್ಟರು ಎಂದು ಆ ಹುಡುಗ ಕೇಳಲಿಲ್ಲ. ಕೇಳಿದ್ದರೆ ಅವನ ಬರಹ ಬೇರೆ ಪುಟಕ್ಕೆ ಹೋಗುತ್ತಿತ್ತೋ ಏನೋ.

ಬಂಗಾರಪೇಟೆ ಹತ್ತಿರದ ಒಂದು ಹಳ್ಳಿ ನನ್ನ ತವರು. ಅಜ್ಜಿ ಹಬ್ಬಕ್ಕೆ ಗೋಡೆಗೆ ಕೆಮ್ಮಣ್ಣು ಬಳಿದು, ಸುಣ್ಣದಲ್ಲಿ ಬಟ್ಟೆಯ ಚೂರು ಅದ್ದಿ, ಬಾಳೆಗಿಡ, ತೇರು, ನವಿಲು ಬರೆಯುತ್ತಿದ್ದಳು. ಯಾರ ಮನೆಯಲ್ಲಿ ಮದುವೆಯಾದರೂ ಹಸೆ ಬರೆಯಲು ಅವಳನ್ನೇ ಕರೆಯುತ್ತಿದ್ದರು. ಹಸೆಮಣೆಯ ಮುಂದೆ ಅವಳು ಬರೆದ ಎಳೆಗಳು ಒಂದಕ್ಕೊಂದು ಹೆಣೆದು ಎಲ್ಲಿ ಶುರು, ಎಲ್ಲಿ ಕೊನೆ ಎಂದು ತಿಳಿಯುತ್ತಿರಲಿಲ್ಲ. ಬರೆದದ್ದಕ್ಕೆ ಎಲೆ ಅಡಿಕೆ, ಒಂದು ಕುಪ್ಪಸದ ಖಣ ಸಿಗುತ್ತಿತ್ತು. ವಿಧವೆಯಾದ ಮೇಲೆ ಅದಕ್ಕೂ ಕರೆಯುವುದನ್ನು ನಿಲ್ಲಿಸಿದರು. ಆಮೇಲೆ ಅವಳು ಬಾಯಲ್ಲಿ ಹೇಳುವಳು, ನಾನು ಬರೆಯುವೆ. ಹೀಗೆ ನಾನು ಕಲಿತೆ.

ಏಳನೇ ತರಗತಿಗೆ ಶಾಲೆ ಬಿಡಿಸಿದರು. 1980ರಲ್ಲಿ, ಹದಿನೆಂಟಕ್ಕೆ, ಮದುವೆಯಾಗಿ ಆಂಡರ್ಸನ್‌ಪೇಟೆಗೆ ಬಂದೆ. ಗಂಡು ಚಿನ್ನದ ಗಣಿಯಲ್ಲಿ ಖಾಯಂ ನೌಕರ. ಗಣಿಯ ಖಾಯಂ ಕೆಲಸ ಎಂದರೆ ಆಗ ಗಂಡಿನ ಬೆಲೆ ಏರುತ್ತಿತ್ತು. ನಾಲ್ಕು ಸವರನ್ ಚಿನ್ನ, 5,000 ರೂಪಾಯಿ ನಗದು, ಒಂದು ವಾಚು. ಅಪ್ಪ ಕೆರೆ ಕೆಳಗಿನ ಜಮೀನು ಮಾರಿದ. ಮೊದಲ ವರ್ಷದಲ್ಲೇ ಆ ನಾಲ್ಕು ಸವರನ್ ಅಡವಿಗೆ ಹೋಯಿತು, ಮತ್ತೆ ಬರಲಿಲ್ಲ. ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಊರು ಕೋಲಾರದ ಗಣಿ. ಅಲ್ಲಿನ ಲೈನ್ ಮನೆಗಳ ಹೆಂಗಸರ ಕತ್ತಿನಲ್ಲಿ ಎಷ್ಟು ಗುಂಜಿ ಇತ್ತು ಎಂದು ಲೆಕ್ಕ ಮಾಡಿದವರು ಯಾರೂ ಇಲ್ಲ. ಅರಿಶಿನ ದಾರ ಹಾಕಿಕೊಂಡವರೇ ಜಾಸ್ತಿ.

ನಮ್ಮ ಬೀದಿಯಲ್ಲಿ ತಮಿಳರು, ತೆಲುಗರು, ಕನ್ನಡದವರು, ಉರ್ದು ಮಾತಾಡುವವರು ಎಲ್ಲ ಕಲೆತಿದ್ದರು. ಬೆಳಗಾದರೆ ಬಾಗಿಲಿಗೆ ನೀರು ಹಾಕಿ ತಮಿಳು ಅಕ್ಕಂದಿರು ಕೋಲ ಇಡುತ್ತಿದ್ದರು, ನಾವು ರಂಗೋಲಿ. ಚುಕ್ಕಿ ಲೆಕ್ಕದಲ್ಲಿ ಅವರದೇ ಮೇಲುಗೈ, ಒಪ್ಪಬೇಕು. ಹನ್ನೊಂದು ಗಂಟೆಯ ಹೊತ್ತಿಗೆ ಸೈನೈಡ್ ಗುಡ್ಡದಿಂದ ಗಾಳಿ ಎದ್ದು ಬೂದುಬಣ್ಣದ ಪುಡಿ ಬೀದಿಗೆಲ್ಲ ಹರಡುತ್ತಿತ್ತು. ಕೋಲವೂ ಇಲ್ಲ, ರಂಗೋಲಿಯೂ ಇಲ್ಲ. ಚಿನ್ನ ತೆಗೆದು ಬಿಸಾಕಿದ ಕಲ್ಲಿನ ಹುಡಿ ಅದು, ಬೆಟ್ಟದಂತೆ ಬಿದ್ದಿದೆ.

ರಂಗೋಲಿಗೆ ನನ್ನ ಗಂಡ ಒಂದು ದಿನವೂ ಅಡ್ಡಿ ಮಾಡಲಿಲ್ಲ. ಅತ್ತೆಯಂತೂ ಹೆಮ್ಮೆಯಿಂದ ತೋರಿಸುತ್ತಿದ್ದರು. ಅಡ್ಡಿ ಬಂದದ್ದು ನಾನು ಒಳಗಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಗಣಿಯ ಗಾಲಿಗೋಪುರ ಬರೆದ ದಿನ. ಅದೇ, ಶಾಫ್ಟಿನ ಮೇಲೆ ದೊಡ್ಡ ಚಕ್ರ ಇರುತ್ತದಲ್ಲ, ಅದು. ರಾತ್ರಿ ಪಾಳಿ ಮುಗಿಸಿ ಬಂದವರು ನೋಡಿ, "ಗೋಡೆ ಹೊಲಸು ಮಾಡ್ತೀಯಾ" ಎಂದು ಕೆನ್ನೆಗೆ ಹೊಡೆದರು. ಅದು ಮೊದಲನೆಯ ಪೆಟ್ಟು. ಗೋಡೆ ತೊಳೆಸಿದರು. ಆಮೇಲೆ ಮಕ್ಕಳ ಹಳೆ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ, ಕ್ಯಾಲೆಂಡರಿನ ಬೆನ್ನಿಗೆ ಬರೆದು ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದೆ. 1988ರಲ್ಲಿ ಅದೂ ಸಿಕ್ಕಿತು. ಒಂದೊಂದೇ ಹಾಳೆ ಹರಿದು ಒಲೆಗೆ ಹಾಕಿದರು, ನನ್ನ ಕೈಯಲ್ಲೇ ಹಾಕಿಸಿದರು. ಅವತ್ತಿನ ಏಟುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಈ ಪತ್ರಿಕೆ ಓದುವವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಯೋಚಿಸಿ ನೋಡಿ. ಮಧ್ಯಾಹ್ನಕ್ಕೆ ಅಳಿಸಿಹೋಗುವ ಚಿತ್ರ ಬರೆದರೆ ಮನೆಗೆ ಲಕ್ಷಣ. ನಾಳೆಯೂ ಉಳಿಯುವ ಚಿತ್ರ ಬರೆದರೆ ಅದು ಕೊಬ್ಬು. ಯಾಕೆ ಹೀಗೆ? ಉಳಿಯುವ ಚಿತ್ರಕ್ಕೆ ಬರೆದವಳು ಯಾರು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯೇ ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸೈರನ್ ನಿಂತಿತು. ನಮ್ಮವರಂಥ ಸಾವಿರಾರು ಜನ ಒಂದೇ ದಿನದಲ್ಲಿ ಕೆಲಸವಿಲ್ಲದವರಾದರು. ಕೊಟ್ಟ ದುಡ್ಡು ಸಾಲಕ್ಕೂ ಕುಡಿತಕ್ಕೂ ಹೋಯಿತು. ಊರಿನ ಗಂಡಸರು, ಹುಡುಗಿಯರು ಕತ್ತಲಲ್ಲೇ ಎದ್ದು ಮಾರಿಕುಪ್ಪಂನಿಂದ ಹೊರಡುವ ರೈಲಿಗೆ ಓಡಿ ಬೆಂಗಳೂರಿಗೆ ಕೂಲಿಗೆ, ಗಾರ್ಮೆಂಟ್ಸಿಗೆ ಹೋಗಲು ಶುರು ಮಾಡಿದರು. ನಾನು ಐದು ಮನೆಗಳಲ್ಲಿ ಪಾತ್ರೆ ತೊಳೆದೆ. ಮರುವರ್ಷ ನಮ್ಮ ಬೀದಿಯಲ್ಲಿ ಸಂಘ ಕಟ್ಟಿದೆವು, ವಾರಕ್ಕೆ 10 ರೂಪಾಯಿ ಉಳಿತಾಯ. ಶಾಲೆ ಬಿಟ್ಟ ಮೇಲೆ ನಾನು ನನ್ನ ಹೆಸರನ್ನು ಕೈಯಾರೆ ಬರೆದದ್ದು ಸಂಘದ ಪಾಸ್‌ಪುಸ್ತಕ ತೆರೆಯುವಾಗಲೇ. ಕೈ ನಡುಗಿತು ಎಂದರೆ ನಂಬಿ.

ಗಂಡನ ಎದೆ ಗಣಿಯ ದೂಳು ತಿಂದು ಹಾಳಾಗಿತ್ತು. ಕೊನೆಯ ನಾಲ್ಕು ವರ್ಷ ಮಲಗಿದಲ್ಲೇ. ನಾನೇ ನೋಡಿಕೊಂಡೆ. ಆಗ ಒಂದು ದಿನ ಔಷಧಿ ಚೀಟಿಯ ಹಿಂದೆ ಸುಮ್ಮನೆ ಗೀಚುತ್ತಿದ್ದೆ. ಅವರು ಅದನ್ನು ಕೇಳಿ ತೆಗೆದುಕೊಂಡು, ಬಹಳ ಹೊತ್ತು ನೋಡಿ, "ಚಕ್ರಕ್ಕೆ ಹಗ್ಗ ಈ ಕಡೆಯಿಂದ ಬರುತ್ತೆ" ಎಂದರು. ಅಷ್ಟೇ ಹೇಳಿದ್ದು. ಕ್ಷಮೆ ಅಂತ ಕೇಳಲಿಲ್ಲ. ನಾನು ಹಗ್ಗ ತಿದ್ದಿದೆ. 2013ರಲ್ಲಿ ಹೋದರು.

2015ರ ಮಾರ್ಚ್ 8ಕ್ಕೆ ಮಹಿಳಾ ದಿನದ ಜಾಥಾ ಇತ್ತು. ಬ್ಯಾನರ್ ಬರೆಯಲು ಪೇಂಟರ್ ಕೇಳಿದಷ್ಟು ಕೊಡಲು ಸಂಘದಲ್ಲಿ ಹಣವಿರಲಿಲ್ಲ. ನಾನು ಬರೆಯುತ್ತೇನೆ ಎಂದೆ. ಹಳೆಯ ಬೆಡ್‌ಶೀಟು, ಗೋಡೆಗೆ ಬಳಿದು ಮಿಕ್ಕ ಬಣ್ಣ. ಮಧ್ಯೆ ಒಂದು ಸೀಮೆಎಣ್ಣೆ ಸ್ಟೌ ಬರೆದೆ, ಅದರ ಸುತ್ತ ಮದುವೆಯ ಹಸೆಯ ಎಳೆಗಳನ್ನು ಹೆಣೆದೆ. ಸ್ಟೌ ಯಾಕೆ ಎಂದು ಈಗಿನ ಗ್ಯಾಸಿನ ಕಾಲದ ಹುಡುಗಿಯರು ಕೇಳಿದರು. 'ಸ್ಟೌ ಸಿಡಿದು ಸತ್ತಳು' ಎಂದು ಎಷ್ಟು ಮನೆಗಳಲ್ಲಿ ಹೇಳಿದರು, ಸಿಡಿದ ಸ್ಟೌಗಳೆಲ್ಲ ಸೊಸೆಯರಿಗೇ ಯಾಕೆ ಸಿಡಿದವು ಎಂದು ದೊಡ್ಡವರು ಅವರಿಗೆ ವಿವರಿಸಿದರು. ಜಾಥಾ ರಾಬರ್ಟ್‌ಸನ್‌ಪೇಟೆ ತಲುಪುವಷ್ಟರಲ್ಲಿ ಜನ ನಿಂತು ನಿಂತು ನೋಡುತ್ತಿದ್ದರು. ಬ್ಯಾನರಿನ ಒಂದು ತುದಿ ನನ್ನ ಕೈಯಲ್ಲೇ ಇತ್ತು. ಇದನ್ನು ಯಾರೂ ತೊಳೆಸುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಾ ನಡೆದೆ.

ಅದನ್ನು ನೋಡಿದ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಭಾನುವಾರ ಬನ್ನಿ, ಕಲಿಸುತ್ತೇನೆ ಎಂದರು. ಆ ಮಾತು ಹಿಡಿದೇ ಸಂಘದಲ್ಲಿ ಸಾಲ ಕೇಳಿದ್ದು. 1,500ರಲ್ಲಿ ಜಲವರ್ಣದ ಒಂದು ಡಬ್ಬಿ, ಮೂರು ಬ್ರಷ್, ದಪ್ಪ ಹಾಳೆ ಬಂತು.

ಕಲಿಯುವುದು ಸುಲಭವಾಗಿರಲಿಲ್ಲ. ನನ್ನ ಅಜ್ಜಿಯ ವಿದ್ಯೆಯಲ್ಲಿ ಮೊದಲು ಕೆಂಪು, ಕೊನೆಗೆ ಅದರ ಮೇಲೆ ಬಿಳಿ. ಸುಣ್ಣ ಇಟ್ಟಲ್ಲಿ ಬೆಳಕು. ಜಲವರ್ಣದಲ್ಲಿ ಬಿಳಿ ಎನ್ನುವುದು ಇಡುವ ಬಣ್ಣವೇ ಅಲ್ಲ, ಅದು ಹಾಳೆಯದೇ ಬಿಳುಪು. ಬೆಳಕು ಎಲ್ಲಿ ಬೇಕೋ ಅಲ್ಲಿ ಏನೂ ಬಳಿಯದೆ ಬಿಡಬೇಕು, ಅದೂ ಮೊದಲೇ ಯೋಚಿಸಿ. ಒಮ್ಮೆ ಬಣ್ಣ ಬಿತ್ತೆಂದರೆ ಬಿಳುಪು ಹೋಯಿತು. ನನಗೆ ಆರು ತಿಂಗಳು ಇದು ಕೈಗೆ ಹತ್ತಲಿಲ್ಲ. ಖಾಲಿ ಜಾಗ ಕಂಡರೆ ತುಂಬಿಬಿಡಬೇಕು ಎನ್ನುವ ಕೈ ನಮ್ಮದು, ಮನೆಯಲ್ಲಿ ಒಂದು ನಿಮಿಷ ಸುಮ್ಮನೆ ಕೂತರೆ ಬೈಸಿಕೊಂಡ ಕೈ. ಸೈನೈಡ್ ಗುಡ್ಡದ ಮೇಲೆ ಮಳೆ ಬಿದ್ದ ಮೇಲಿನ ಬಿಸಿಲು ಬರೆಯಲು ಹೋಗಿ ಇಪ್ಪತ್ತು ಹಾಳೆ ಕೆಟ್ಟವು. ಮಳೆನೀರು ಕೊರೆದ ಸಣ್ಣ ಸಣ್ಣ ಓಣಿಗಳಿರುತ್ತವೆ ಆ ಗುಡ್ಡದಲ್ಲಿ, ಒಂದೊಂದರ ಅಂಚಿನಲ್ಲೂ ಬೆಳಕು. ಒಂದು ಹಾಳೆಗೆ ಎಷ್ಟು ರೂಪಾಯಿ ಎಂದು ನನಗೆ ಗೊತ್ತಿದ್ದುದರಿಂದ ಕೆಟ್ಟಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಕೊನೆಗೆ ಪೋಸ್ಟರ್ ಕಲರಿಗೆ ಬಂದೆ. ಅದರಲ್ಲಿ ಬಿಳಿಯನ್ನು ಮೇಲೆ ಇಡಬಹುದು, ಅಜ್ಜಿಯ ಹಾಗೆ. ಮೇಷ್ಟ್ರು ಒಪ್ಪಿದರು. ಆದರೆ ಬಿಡುವುದನ್ನು ಕಲಿತದ್ದು ವ್ಯರ್ಥವಾಗಲಿಲ್ಲ. ಈಗ ಪೋಸ್ಟರ್ ಕಲರಿನಲ್ಲೂ ಒಂದಿಷ್ಟು ಹಾಳೆಯನ್ನು ಹಾಗೇ ಬಿಡುತ್ತೇನೆ.

(ಯಾರೋ ಒಬ್ಬರು ಗುಡ್ಡದ ಮಣ್ಣನ್ನೇ ಬಣ್ಣ ಮಾಡಿಕೊಳ್ಳಿ, ಸೊಗಸಾಗಿರುತ್ತದೆ ಎಂದು ಸಲಹೆ ಕೊಟ್ಟರು. ಆ ದೂಳಿನಿಂದ ಕೆಮ್ಮಿ ಸತ್ತವರ ಊರಿನಲ್ಲಿ ನಿಂತು ಹೇಳಿದರು.)

ಚಿತ್ರದ ಮೂಲೆಯಲ್ಲಿ ಹೆಸರು ಬರೆಯಿರಿ ಎಂದು ಮೇಷ್ಟ್ರು ಹೇಳಿದಾಗ ಪಾಸ್‌ಪುಸ್ತಕದ ಸಹಿಯನ್ನೇ ಹಾಕಿದೆ. ನನಗೆ ಬರುತ್ತಿದ್ದ ಸಹಿ ಅದೊಂದೇ.

ನನ್ನಂತೆ ತಡವಾಗಿ ಬಣ್ಣ ಹಿಡಿದವರು ಯಾರಿದ್ದಾರೆ ಎಂದು ಮೇಷ್ಟ್ರನ್ನು, ಮೊಮ್ಮಗನನ್ನು ಕೇಳಿ ಕೇಳಿ ತಿಳಿದುಕೊಂಡೆ. ಮಧ್ಯಪ್ರದೇಶದ ಉಮರಿಯಾ ಜಿಲ್ಲೆಯ ಲೋಢಾ ಎಂಬ ಹಳ್ಳಿಯಲ್ಲಿ ಜೋಧಯ್ಯಾ ಬಾಯಿ ಬೈಗಾ ಎಂಬ ಆದಿವಾಸಿ ಹೆಂಗಸು ಇದ್ದರು. ಗಂಡ ತೀರಿಕೊಂಡ ಮೇಲೆ ಕಲ್ಲು ಒಡೆದು, ಕಾಡಿನ ಸೌದೆ ಮಾರಿ ಮಕ್ಕಳನ್ನು ಸಾಕಿದವರು. ಎಪ್ಪತ್ತರ ಹತ್ತಿರ ಬಂದಾಗ ಅದೇ ಊರಿನಲ್ಲಿ ಚಿತ್ರ ಕಲಿಸುತ್ತಿದ್ದ ಆಶಿಶ್ ಸ್ವಾಮಿ ಎಂಬುವರ ಬಳಿ ಬ್ರಷ್ ಹಿಡಿದರು. ಹುಲಿ, ಮಹುವಾ ಮರ, ತಮ್ಮ ದೇವರುಗಳನ್ನು ಬರೆದರು. 2023ರಲ್ಲಿ ಪದ್ಮಶ್ರೀ ಬಂತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರನ್ನೂ 'ಈ ವಯಸ್ಸಿನಲ್ಲೂ' ಎಂದೇ ಹೊಗಳಿದರು. ಕಲ್ಲು ಒಡೆಯುವಾಗ ಅವರಿಗೆ ವಯಸ್ಸಾಗಿದೆ ಎಂದು ಯಾರಾದರೂ ಅಂದಿದ್ದರಾ?

ಬಿಹಾರದ ಮಿಥಿಲೆಯ ಗಂಗಾದೇವಿಯ ಕಥೆಯಂತೂ ನಮ್ಮದೇ ಕಥೆ. ಅವರ ಕಡೆ ಮದುವೆಯಾದ ಗಂಡು ಹೆಣ್ಣಿನ ಕೋಣೆಯ ಗೋಡೆಗೆ ಹೆಂಗಸರು 'ಕೋಹಬರ್' ಎಂಬ ಚಿತ್ರ ಬರೆಯುತ್ತಾರೆ. ನಮ್ಮ ಹಸೆಯಂತೆಯೇ, ಮಲೆನಾಡಿನ ದೀವರ ಮನೆಗಳ ಹಸೆಗೋಡೆಯ ಚಿತ್ತಾರದಂತೆಯೇ. 1966-67ರ ಭೀಕರ ಬರದಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಪುಪುಲ್ ಜಯಕರ್ ಅವರು ಭಾಸ್ಕರ ಕುಲಕರ್ಣಿ ಎಂಬ ಕಲಾವಿದರ ಕೈಯಲ್ಲಿ ಹಾಳೆ ಕೊಟ್ಟು ಆ ಹಳ್ಳಿಗಳಿಗೆ ಕಳಿಸಿದರು. ಗೋಡೆಯ ಮೇಲೆ ಬರೆಯುವುದನ್ನು ಹಾಳೆಯ ಮೇಲೆ ಬರೆಯಿರಿ, ಹಣ ಸಿಗುತ್ತದೆ ಎಂದು. ಅಳಿಸಿಹೋಗುತ್ತಿದ್ದ ಚಿತ್ರ ಉಳಿಯತೊಡಗಿದ್ದು ಆಗ, ಬರೆದವರ ಹೆಸರು ಹೊರಗೆ ಬಂದದ್ದೂ ಆಗ. ಗಂಗಾದೇವಿಯನ್ನು ಮಕ್ಕಳಿಲ್ಲವೆಂದು ಬದಿಗೆ ಸರಿಸಿ ಗಂಡ ಇನ್ನೊಂದು ಮದುವೆಯಾಗಿದ್ದ. ಆ ಹೆಂಗಸು ಊರ ಮದುವೆಗಳಿಗೆ ಬರೆಯುತ್ತಿದ್ದ ಅದೇ ಕೈಯಿಂದ ಬದುಕು ಕಟ್ಟಿಕೊಂಡರು. ಅಮೆರಿಕಕ್ಕೆ ಹೋಗಿಬಂದು ಅಲ್ಲಿನ ಜಾತ್ರೆಯ ರೋಲರ್ ಕೋಸ್ಟರನ್ನೂ ಮಿಥಿಲೆಯ ಗೆರೆಯಲ್ಲಿ ಬರೆದರು. ಕ್ಯಾನ್ಸರ್ ಬಂದಾಗ ಆಸ್ಪತ್ರೆಯನ್ನೂ ಬರೆದರು. 1984ರಲ್ಲಿ ಪದ್ಮಶ್ರೀ, 1991ರಲ್ಲಿ ಸಾವು. ಚಿಕಿತ್ಸೆಯ ದಿನಗಳಲ್ಲೇ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ಒಂದು ಇಡೀ ಕೋಣೆಗೆ ಕೋಹಬರ್ ಬರೆದಿದ್ದರು. ಮುಂದೆ ರಿಪೇರಿಯ ಹೆಸರಿನಲ್ಲಿ ಆ ಗೋಡೆಯನ್ನೂ ಕೆಡವಿದರು. ಅದನ್ನು ಕೇಳಿದ ರಾತ್ರಿ ನನಗೆ ನಮ್ಮ ಮನೆಯ ತೊಳೆಸಿದ ಗೋಡೆ ನೆನಪಾಗಿ ನಿದ್ದೆ ಬರಲಿಲ್ಲ.

ನಮ್ಮ ನಾಡಿನಲ್ಲಿ ರುಮಾಲೆ ಚನ್ನಬಸವಯ್ಯನವರಿದ್ದರು. ದೊಡ್ಡಬಳ್ಳಾಪುರದವರು, 1910ರಲ್ಲಿ ಹುಟ್ಟಿದವರು. ಚಿತ್ರ ಕಲಿತಿದ್ದರೂ ಸ್ವಾತಂತ್ರ್ಯ ಹೋರಾಟಕ್ಕೆ ಹೋಗಿ ಸೆರೆಮನೆ ಕಂಡರು. ವರ್ಷಗಟ್ಟಲೆ ಸಾರ್ವಜನಿಕ ಕೆಲಸ ಮಾಡಿ, ಐವತ್ತು ದಾಟಿದ ಮೇಲೆ 1962ರಲ್ಲಿ ಮತ್ತೆ ಬಣ್ಣಕ್ಕೆ ಮರಳಿದರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವರು ಬರೆದಂತೆ ಬರೆದವರಿಲ್ಲ ಎನ್ನುತ್ತಾರೆ ಮೇಷ್ಟ್ರು. ದೊಡ್ಡ ಮನುಷ್ಯರು, ನನ್ನ ನಮಸ್ಕಾರವಿದೆ. ಅವರು ದೇಶಕ್ಕಾಗಿ ಬ್ರಷ್ ಕೆಳಗಿಟ್ಟದ್ದನ್ನು ನಾವು ತ್ಯಾಗ ಎನ್ನುತ್ತೇವೆ, ಸರಿಯಾಗಿಯೇ ಎನ್ನುತ್ತೇವೆ. ಆದರೆ ನಮ್ಮ ಬೀದಿಯ ಹೆಂಗಸರು ಕೈಯಲ್ಲಿದ್ದ ವಿದ್ಯೆಯನ್ನು ಒಲೆಯ ಮುಂದೆ ಮೂವತ್ತು ವರ್ಷ ಕೆಳಗಿಟ್ಟದ್ದಕ್ಕೆ ಏನು ಹೆಸರು? ರುಮಾಲೆಯವರು ತಾವಾಗಿ ಬಿಟ್ಟು ತಾವಾಗಿ ಹಿಡಿದರು. ನಮ್ಮಲ್ಲಿ ಹೆಚ್ಚಿನವರು ಬ್ರಷ್ ಹಿಡಿಯಲು ಒಂದು ಸಾವು ಬೇಕಾಯಿತು. ಇದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ, ಆದರೂ ನಿಜ. ನನ್ನ ಗಂಡ ಬದುಕಿದ್ದರೆ ಆ ಬ್ಯಾನರ್ ಬರೆಯುತ್ತಿದ್ದೆನೇ? ಹಗ್ಗ ತಿದ್ದಿಸಿದ ಗಂಡನಾದರೆ ಬಹುಶಃ ಹೌದು. ನೋಟ್‌ಬುಕ್ ಸುಡಿಸಿದ ಗಂಡನಾದರೆ ಇಲ್ಲ.

ಈಗ ಹಣದ ಮಾತಿಗೆ ಬರೋಣ. ಸಂಘದಲ್ಲಿ ಎಲ್ಲರೂ ಅದನ್ನೇ ಕೇಳುವುದು. "ಹೊಲಿಗೆ ಮಿಷನ್ ತಗೊಂಡ್ರೆ ಬ್ಲೌಸಿಗೆ ಇಷ್ಟು ಅಂತ ಬರುತ್ತೆ, ಚಿತ್ರಕ್ಕೆ ಏನಕ್ಕಾ ಬರುತ್ತೆ?" ನ್ಯಾಯವಾದ ಪ್ರಶ್ನೆ. ಸುಳ್ಳು ಹೇಳುವುದಿಲ್ಲ, ಹೆಚ್ಚೇನೂ ಬರುವುದಿಲ್ಲ. ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿಯಲ್ಲಿ ನಡೆಸುವ ಚಿತ್ರಸಂತೆಗೆ 2019ರಲ್ಲಿ ನೋಡಲು ಹೋದೆ, 2020ರಲ್ಲಿ ನನಗೂ ಒಂದು ಜಾಗ ಸಿಕ್ಕಿತು. ರಟ್ಟಿನ ಮಧ್ಯೆ ಚಿತ್ರಗಳನ್ನಿಟ್ಟು ಸೀರೆಯಲ್ಲಿ ಸುತ್ತಿಕೊಂಡು ಬೆಳಗಿನ ರೈಲಿನಲ್ಲಿ ನಿಂತೇ ಹೋದೆ. ನಾಲ್ಕು ಚಿತ್ರ ಹೋದವು, 5,200 ರೂಪಾಯಿ. ಒಂದನ್ನು ಕೊಂಡ ಹೆಂಗಸು ಗಣಿ ಕೆಲಸಗಾರನ ಮಗಳು. ಶಾಫ್ಟಿನ ಬಾಗಿಲಲ್ಲಿ ಹೆಂಗಸರು ಗುಂಪಾಗಿ ನಿಂತ ಚಿತ್ರ ಅದು. ಭೂಮಿಯೊಳಗೆ ಬಂಡೆ ಸಿಡಿದರೆ ನಮ್ಮ ಮನೆಯ ಪಾತ್ರೆಗಳು ಅಲುಗಾಡುತ್ತಿದ್ದವು, ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗುತ್ತಿತ್ತು, ಎಲ್ಲರೂ ಓಡಿಹೋಗಿ ಯಾರ ಹೆಸರು ಕೂಗುತ್ತಾರೋ ಎಂದು ನಿಲ್ಲುತ್ತಿದ್ದೆವು. "ನಮ್ಮಮ್ಮ ಇಲ್ಲಿ ನಿಂತಿದ್ದಳು" ಎಂದು ಆಕೆ ಚಿತ್ರದಲ್ಲಿ ಒಂದು ಜಾಗ ತೋರಿಸಿದರು. ಅದಕ್ಕೆ ಬೆಲೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಬೇಕಿತ್ತು, ಕಡಿಮೆಗೆ ಕೊಟ್ಟೆ.

ಉಳಿದಂತೆ ವರ್ಷಕ್ಕೊಂದು ಎರಡು ಗೋಡೆ ಕೆಲಸ, ಕೆಲವು ಮಕ್ಕಳಿಗೆ ಪಾಠ. ಬಣ್ಣದ ಖರ್ಚು ಕಳೆದರೆ ಔಷಧಿಗೆ ಆಗುವಷ್ಟು. ಆದರೆ 1,500 ರೂಪಾಯಿ ಸಾಲವನ್ನು ಒಂದು ಕಂತೂ ತಪ್ಪಿಸದೆ ತೀರಿಸಿದೆ. ಆ 40,000 ಏನಾಯಿತು?

ಅದನ್ನು ಹೇಳುವ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಅದೇ ಪುಸ್ತಕದ ಹಳೆಯ ಸಂಪುಟ ತೆಗೆದರೆ, 2006ರಲ್ಲಿ, ನನ್ನ ಹೆಸರಿನ ಮುಂದೆ 'ಮದುವೆ ಖರ್ಚು, 25,000' ಎಂದಿದೆ. ಬರೆದದ್ದು ನಾನೇ, ಆಗ ಪುಸ್ತಕ ನನ್ನ ಕೈಯಲ್ಲಿತ್ತು. ಖರ್ಚು ಅಲ್ಲ ಅದು, ಮಗಳ ಮಾವನ ಕೈಗೆ ಹೋದ ನಗದು. ಮಗಳು ರಂಗೋಲಿಯಲ್ಲಿ ನನ್ನನ್ನು ಮೀರಿಸುವವಳು. ಅವಳಿಗೆ ಒಂದು ಬಣ್ಣದ ಡಬ್ಬಿ ತಂದುಕೊಟ್ಟ ನೆನಪು ನನಗಿಲ್ಲ. ಏಟು ತಿಂದವಳು ನಾನೇ ಹೀಗೆ ಮಾಡಿದೆ.

1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ತೆಗೆದುಕೊಳ್ಳುವುದು ಹೇಗೆ ಅಪರಾಧವೋ ಕೊಡುವುದೂ ಹಾಗೆಯೇ ಅಪರಾಧ. ನೊಂದವಳು ಹೇಳಿಕೆ ಕೊಟ್ಟರೆ ಆ ಹೇಳಿಕೆಯ ಕಾರಣಕ್ಕೆ ಅವಳ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದೂ ಅದರಲ್ಲೇ ಇದೆ, ಅದು ನಮಗೆ ರಕ್ಷಣೆ. ಆದರೆ ಸಾಲ ಮಂಜೂರು ಮಾಡಿದ ನಾವು? ಹತ್ತು ಹತ್ತು ರೂಪಾಯಿ ಕೂಡಿಸಿದ ಹೆಂಗಸರ ದುಡ್ಡು, ಹೆಂಗಸರೇ ಸಹಿ ಹಾಕಿ, ಇನ್ನೊಂದು ಹೆಣ್ಣನ್ನು ಹೊಡೆಯಬಹುದಾದ ಮನೆಗೆ ಮುಂಗಡವಾಗಿ ಕೊಡುತ್ತಿದ್ದೇವೆ. ಕೊಡದಿದ್ದರೆ ಮೀಟರ್ ಬಡ್ಡಿಯವರ ಹತ್ತಿರ ಹೋಗುತ್ತಾರೆ ಎನ್ನುವುದು ನಿಜ. ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಊಟಕ್ಕೆ, ಸೀರೆಗೆ, ಚಪ್ಪರಕ್ಕೆ ಕೊಡೋಣ, ಅಂಗಡಿಯ ಚೀಟಿ ನೋಡಿ ಕೊಡೋಣ. ಬೈಕಿಗೆ, ನಗದಿಗೆ ಬೇಡ ಎಂದು ಠರಾವು ಬರೆಯೋಣ. ಜೊತೆಗೆ, ಒಬ್ಬ ಹೆಣ್ಣು ತನ್ನ ಕೈಗೆ ಬಂದ ವಿದ್ಯೆಗಾಗಿ ಸಾಲ ಕೇಳಿದರೆ, ಹಾಡಿಗಾಗಲಿ ಚಿತ್ರಕ್ಕಾಗಲಿ ಕಸೂತಿಗಾಗಲಿ, ತಿಂಗಳಿಗೆ ಎಷ್ಟು ಲಾಭ ಎಂದು ಮೊದಲ ಪ್ರಶ್ನೆ ಕೇಳುವುದು ಬೇಡ. ಮದುವೆ ಸಾಲಕ್ಕೆ ಆ ಪ್ರಶ್ನೆ ಕೇಳಿದ್ದೇವಾ ನಾವು?

ಆ 40,000ದ ಮದುವೆಯ ಹುಡುಗಿ ಎರಡು ವರ್ಷಕ್ಕೆ ಕಂಕುಳಲ್ಲಿ ಮಗು ಇಟ್ಟುಕೊಂಡು ತವರಿಗೆ ಬಂದಳು. ಬೈಕು ಅಲ್ಲೇ ಉಳಿಯಿತು. ಸಾಲದ ಕಂತು ಅವಳ ತಾಯಿ ಇನ್ನೂ ಮೂರು ವರ್ಷ ಕಟ್ಟಿದಳು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಅರ್ಜಿ ಹಾಕಿಸಿದೆವು, ಓಡಾಡಿದೆವು, ಮಗುವಿಗೆ ಜೀವನಾಂಶ ಬರುತ್ತಿದೆ, ಬರುವ ತಿಂಗಳು. ಈಗ ಅವಳೂ ನಮ್ಮ ಸಂಘದ ಸದಸ್ಯೆ, ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುತ್ತಾಳೆ. ಭಾನುವಾರ ನನ್ನ ಮನೆಗೆ ಬಂದು ಸುಮ್ಮನೆ ಕೂರುತ್ತಿದ್ದವಳು ಹೋದ ವರ್ಷ ಒಂದು ದಿನ ಬ್ರಷ್ ತೆಗೆದುಕೊಂಡಳು. ರೈಲಿನಲ್ಲಿ ನಿಂತು ನಿದ್ದೆ ಮಾಡುವ ಹೆಂಗಸರನ್ನು ಬರೆಯುತ್ತಾಳೆ. ಕಂಬಿ ಹಿಡಿದ ಕೈಗಳನ್ನು ಅವಳು ಬರೆಯುವ ಹಾಗೆ ನನಗೆ ಬರುವುದಿಲ್ಲ. ವಯಸ್ಸು ಇಪ್ಪತ್ತೊಂಬತ್ತು. ನನಗಿಂತ ಇಪ್ಪತ್ತೈದು ವರ್ಷ ಮುಂಚೆ ಶುರು ಮಾಡಿದ್ದಾಳೆ.

ಅವಳು ಸಂಘದಲ್ಲಿ 4,000 ರೂಪಾಯಿ ಸಾಲ ಕೇಳಿದ್ದಾಳೆ. ಈ ವರ್ಷ ಪುಸ್ತಕ ಮತ್ತೆ ನನ್ನ ಸರದಿ. ಗುರುವಾರ ಸಭೆ. ಉದ್ದೇಶದ ಕಾಲಂನಲ್ಲಿ 'ಬಣ್ಣ, ಬ್ರಷ್, ಡ್ರಾಯಿಂಗ್ ಹಾಳೆ' ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿಟ್ಟಿದ್ದೇನೆ. ಇನ್ನು ಹದಿನಾಲ್ಕು ಸಹಿ ಬರಬೇಕು.